ಜೊತೆಯವರ ಗೆಲುವು

ಅಸೂಯೆ ದೂರದವರ ಮೇಲೆ ಹುಟ್ಟುವುದು ಅಪರೂಪ. ಲೋಕದ ಮಹಾ ಶ್ರೀಮಂತನ ಸಂಪತ್ತು ಇಮ್ಮಡಿಯಾಯಿತೆಂದು ಓದಿದಾಗ ಕದಲದ ಮನಸ್ಸು, ನಮ್ಮ ಜೊತೆಯಲ್ಲೇ ಓದಿ ನಮ್ಮಷ್ಟೇ ಅಂಕ ಪಡೆದಿದ್ದ ಗೆಳೆಯನಿಗೆ ಬಡ್ತಿ ಸಿಕ್ಕಿತೆಂದು ತಿಳಿದ ಕೂಡಲೇ ಮುದುಡಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: ನಮ್ಮ ಸಾಮರ್ಥ್ಯವನ್ನು ಅಳೆಯಲು ಖಚಿತವಾದ ಮಾನದಂಡವಿಲ್ಲದಿದ್ದಾಗ ನಾವು ನಮ್ಮಂತೆಯೇ ಇರುವವರೊಡನೆ ಹೋಲಿಸಿಕೊಳ್ಳುತ್ತೇವೆ.

ಹಾಗಿರುವಾಗ ಮತ್ಸರವನ್ನು ಬೇರುಸಹಿತ ಕಿತ್ತೊಗೆಯಬೇಕೆಂಬ ಉಪದೇಶ ನನಗೆ ಅಷ್ಟಾಗಿ ರುಚಿಸುವುದಿಲ್ಲ. (ಅರಿಷಡ್ವರ್ಗದಲ್ಲಿ ಹಿರಿಯರು ಅದನ್ನು ಕಡೆಗಿಟ್ಟದ್ದು, ಕಡೆಯವರೆಗೂ ಉಳಿಯುವ ವೈರಿಯೆಂದೇ ಇರಬೇಕು.) ಅದು ತಲೆಯೆತ್ತಿದಾಗ, ಅವರಿಗೆ ದೊರೆತದ್ದು ನನಗೆ ನಿಜಕ್ಕೂ ಬೇಕಿತ್ತೇ, ಅಥವಾ ಅವರಿಗೆ ದೊರೆಯಿತೆಂಬುದಷ್ಟೇ ನನ್ನ ನೋವೇ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಬೇಕಿತ್ತು ಎಂದಾದರೆ ಅವರು ಪಟ್ಟ ಶ್ರಮವನ್ನು, ಬಿಟ್ಟುಕೊಟ್ಟ ನಿದ್ದೆ ನೆಮ್ಮದಿಗಳನ್ನು, ಜೊತೆಗೆ ಅದೃಷ್ಟದ ಪಾಲನ್ನೂ ಅವರಿಂದಲೇ ವಿವರವಾಗಿ ಕೇಳಿ ತಿಳಿಯಬೇಕು. ಕೇಳುತ್ತಾ ಹೋದಂತೆ ಉರಿ ತಣಿದು ಕುತೂಹಲ ಮೂಡುವುದನ್ನು ನಾನು ಹಲವು ಬಾರಿ ಗಮನಿಸಿದ್ದೇನೆ. ಬೇಕಿರಲಿಲ್ಲವಾದರೆ ಆ ಸಂಕಟ ಬಹಳ ಕಾಲ ನಿಲ್ಲುವುದಿಲ್ಲ.

ಇನ್ನು ಅಭಿನಂದನೆಯ ವಿಷಯ. ಮನಸ್ಸು ಪೂರ್ತಿ ತಿಳಿಯಾಗಲೆಂದು ಕಾಯುತ್ತಾ ಕುಳಿತರೆ ದಿನಗಳು ಕಳೆದು, ನಮ್ಮ ಮೌನವೇ ಅವರಿಗೆ ಹಗೆಯಂತೆ ಕಾಣತೊಡಗುತ್ತದೆ. ಆದ್ದರಿಂದ ಸುದ್ದಿ ತಿಳಿದ ದಿನವೇ, ನನ್ನ ಸಂತೋಷ ಇನ್ನೂ ಅರ್ಧದಷ್ಟೇ ಇದ್ದರೂ, ನಾಲ್ಕು ಒಳ್ಳೆಯ ಮಾತು ಬರೆದು ಕಳುಹಿಸಿಬಿಡುತ್ತೇನೆ.