ಗಂಟೆ ಬಾರಿಸಿದವರ ಲೆಕ್ಕ

ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊ ತರಬೇತಿಗೆ ಸೇರುವವರಲ್ಲಿ ನೂರಕ್ಕೆ 70ರಿಂದ 80 ಮಂದಿ ಅದನ್ನು ಮುಗಿಸುವುದಿಲ್ಲ ಎಂಬ ಮಾತನ್ನು ಎಷ್ಟೋ ಸಲ ಓದಿದ್ದೇನೆ. ಅಂಕಿ ಹೆಚ್ಚುಕಡಿಮೆ ಸರಿಯೇ. ಶಾಲೆಯೊಂದರಲ್ಲಿ ಹತ್ತು ಮಕ್ಕಳ ಪೈಕಿ ಎಂಟು ಮಂದಿ ನಪಾಸಾದರೆ ಮೊದಲು ಮೇಷ್ಟರನ್ನು ವಿಚಾರಿಸುವ ನಾವು, ಇಲ್ಲಿ ಮಾತ್ರ ಅದೇ ಅಂಕಿಯನ್ನು ಪದಕದಂತೆ ಎತ್ತಿ ತೋರಿಸುತ್ತೇವೆ.

ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ ನಡೆಯುವ ಈ 24 ವಾರಗಳ ತರಬೇತಿಯನ್ನು ಬಿಡುವವರಲ್ಲಿ ಬಹುಪಾಲು ಜನ ಯಾವುದೋ ಪರೀಕ್ಷೆಯಲ್ಲಿ ಸೋತು ಹೋಗುವವರಲ್ಲ. ಅಂಗಳದ ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸಿ, ಹೆಲ್ಮೆಟ್ಟನ್ನು ಕೆಳಗಿಟ್ಟು, ತಾವಾಗಿಯೇ ಹೊರಡುವವರು. ಭಾನುವಾರ ಸಂಜೆಯಿಂದ ಶುಕ್ರವಾರದವರೆಗೆ ಒಟ್ಟು ನಾಲ್ಕು ಗಂಟೆಯಷ್ಟು ಮಾತ್ರ ನಿದ್ರೆ ಸಿಗುವ ‘ಹೆಲ್ ವೀಕ್’ ಮುಗಿಯುವಷ್ಟರಲ್ಲಿ ಹೀಗೆ ಹೋಗಬೇಕಾದವರು ಬಹುತೇಕ ಹೋಗಿಯಾಗಿರುತ್ತದೆ. ಓಟದ ವೇಗವನ್ನು ಮೊದಲೇ ಅಳೆದು ಆರಿಸಿಕೊಂಡ ಹುಡುಗರನ್ನು ಕೆಡವುವುದು ಹೆಚ್ಚಾಗಿ ತಣ್ಣನೆಯ ಸಮುದ್ರ ಮತ್ತು ನಿದ್ರೆಗೇಡು.

ಶೇಕಡಾವಾರು ಲೆಕ್ಕದ ತೊಡಕು ಇನ್ನೂ ಚೆನ್ನಾಗಿ ಕಾಣುವುದು ಸಣ್ಣ ತುಕಡಿಗಳನ್ನು ಯುದ್ಧದಲ್ಲಿ ಮುನ್ನಡೆಸುವುದನ್ನು ಕಲಿಸುವ, ಅಮೆರಿಕದ ಭೂಸೇನೆಯ ರೇಂಜರ್ ಶಾಲೆಯಲ್ಲಿ. ಅಲ್ಲಿ ಒಂದು ಹಂತದಲ್ಲಿ ಸೋತವರಿಗೆ ಅದೇ ಹಂತವನ್ನು ಮತ್ತೆ ಮಾಡುವ ಅವಕಾಶವಿದೆ. 2015ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ 19 ಮಹಿಳೆಯರು ಆ ತರಬೇತಿಗೆ ಸೇರಿದರು. 62 ದಿನಗಳ ಕೋರ್ಸು ಮುಗಿಯಬೇಕಿದ್ದ ಜೂನ್‌ನಲ್ಲಿ ಎಣಿಸಿದ್ದರೆ ಅವರಲ್ಲಿ ಉತ್ತೀರ್ಣರಾದವರು ಸೊನ್ನೆ. ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ಆಗಸ್ಟ್ 21ರಂದು ಪದವಿ ಪಡೆದ ಮೇಲೆ ಆ ಸಂಖ್ಯೆ ಎರಡು, ಅಕ್ಟೋಬರ್‌ನಲ್ಲಿ ಲೀಸಾ ಜಾಸ್ಟರ್ ಮುಗಿಸಿದಾಗ ಮೂರು. ಯಾವಾಗ ಎಣಿಸಿದೆವು ಎಂಬುದನ್ನು ಹೇಳದೆ ಬರೀ ಶೇಕಡಾವಾರು ಹೇಳಿದರೆ ಈ ಮೂರರಲ್ಲಿ ಯಾವುದನ್ನು ನಂಬಬೇಕು? ಮರಳಿ ಯತ್ನಿಸಲು ಬಿಡುವ ಶಾಲೆಯನ್ನೂ ಗಂಟೆ ಬಾರಿಸಿದೊಡನೆ ಕಳುಹಿಸಿಬಿಡುವ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು, ನನ್ನ ಮಟ್ಟಿಗೆ, ಅರ್ಥವಿಲ್ಲದ ಕೆಲಸ.

ನನ್ನನ್ನು ಹೆಚ್ಚು ಕಾಡುವುದು ಕೊರೊನಾಡೊದಲ್ಲಿ 2022ರ ಫೆಬ್ರವರಿಯಲ್ಲಿ ನಡೆದ ಘಟನೆ. ಹೆಲ್ ವೀಕ್ ಮುಗಿಸಿದ ಕೆಲವೇ ಗಂಟೆಗಳಲ್ಲಿ ಯುವ ನಾವಿಕನೊಬ್ಬ ನ್ಯುಮೋನಿಯಾದಿಂದ ತೀರಿಕೊಂಡ. ಅದಕ್ಕೆ ಮುಂಚಿನ ವರ್ಷವೇ ಬಿಟ್ಟುಹೋಗುವವರ ಪ್ರಮಾಣ ಏರಿತ್ತು. ಅಷ್ಟು ಜನ ಕುಸಿಯುತ್ತಿರುವುದನ್ನು ಎಚ್ಚರಿಕೆಯೆಂದು ಓದಬಹುದಿತ್ತು, ಆದರೆ ಕಠಿಣತೆಯೇ ಹೆಗ್ಗಳಿಕೆಯಾದ ಕಡೆ ಅದನ್ನು ಗುಣಮಟ್ಟವೆಂದು ಓದುವುದೇ ಸುಲಭ. ಕೆಮ್ಮುತ್ತಿರುವವನು ವೈದ್ಯರ ಬಳಿ ಹೋದರೆ ತರಬೇತಿಯಿಂದಲೇ ಹೊರಬೀಳುವ ಭಯ ಬೇರೆ. ಆ ವಾರದ ಲೆಕ್ಕದಲ್ಲಿ ತೀರಿಕೊಂಡ ಆ ನಾವಿಕ ಮುಗಿಸಿದವರ ಸಾಲಿಗೇ ಸೇರಿದವನು. 2023ರಲ್ಲಿ ಹೊರಬಂದ ನೌಕಾಪಡೆಯ ತನಿಖಾ ವರದಿ ವೈದ್ಯಕೀಯ ಮೇಲ್ವಿಚಾರಣೆಯ ಲೋಪಗಳನ್ನು ಎತ್ತಿ ತೋರಿಸಿತು. ಅಭ್ಯರ್ಥಿಗಳ ಹೃದಯ ತಪಾಸಣೆಯೂ ಹೆಲ್ ವೀಕ್ ಮುಗಿದ ಮೇಲಿನ ವೈದ್ಯರ ನಿಗಾವೂ ಬಿಗಿಯಾದದ್ದು ಈ ಸಾವಿನ ನಂತರ.