ಮೊದಲು ತೂತುಗಳ ಅಳತೆ

ಸುರತ್ಕಲ್, ಮಂಗಳೂರು
2025 ಅಕ್ಟೋಬರ್ 12, ಭಾನುವಾರ

148, 41, 31.6, 42/52. ಒಂದು ಮೌಂಟೇನ್ ಸೈಕಲ್ ಫ್ರೇಮಿನ ಅಳತೆಗಳು, ಮಿ.ಮೀ. ಲೆಕ್ಕದಲ್ಲಿ. ಇವತ್ತಿನ ದಿನಚರಿಗೆ ಇಷ್ಟು ಬರೆದರೂ ನನಗೆ ಸಾಕಿತ್ತು. ಆದರೆ ಅಕ್ಕನ ಮಗ ಬಿಡಲಿಲ್ಲ. "ಮಾವ, ಸರಿಯಾಗಿ ಬರೆದು ಹಾಕಿ. ನನ್ನ ಫ್ರೆಂಡ್ಸ್ ಎಲ್ಲ ಇದನ್ನೇ ಕೇಳ್ತಾರೆ" ಎಂದ. ಹಾಗಾಗಿ ಇವತ್ತು ಸ್ವಲ್ಪ ಉದ್ದ.

ಮಣಿಪಾಲದಲ್ಲಿ ಓದುವ ಹುಡುಗ. ಬೆಂಗಳೂರಿನ ಯಾರಿಂದಲೋ ಸೆಕೆಂಡ್‌ಹ್ಯಾಂಡ್ ಕಾರ್ಬನ್ ಫ್ರೇಮ್ ತರಿಸಿದ್ದಾನೆ. 29 ಇಂಚಿನ ಚಕ್ರದ ಹಾರ್ಡ್‌ಟೇಲ್. ಅಂದರೆ ಹಿಂದೆ ಶಾಕ್ ಇಲ್ಲ, ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಮಾತ್ರ. ಬೆಳಿಗ್ಗೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿಳಿದ. ಜೊತೆಗೆ ಮೊಬೈಲಿನಲ್ಲಿ ಬೇಕಾದ ಸಾಮಾನುಗಳ ಪಟ್ಟಿ. ನೋಡಿದೆ. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಆರಿಸಿದ್ದಾನೆ. ಯಾವುದು ಯಾವುದಕ್ಕೆ ಕೂರುತ್ತದೆ ಎನ್ನುವ ಲೆಕ್ಕ ಎಲ್ಲೂ ಇಲ್ಲ.

"ತೂಕ ಆಮೇಲೆ ನೋಡುವ. ಮೊದಲು ವರ್ನಿಯರ್ ತಾ" ಎಂದೆ.

ಅಳತೆಗೆ ಮೊದಲು ಫ್ರೇಮ್ ಒರೆಸಿ, ಟಾರ್ಚ್ ಹಾಕಿ ನೋಡಿದೆವು. ಬಾಟಂ ಬ್ರ್ಯಾಕೆಟ್ (ಪೆಡಲ್ ತಿರುಗುವ ಬೇರಿಂಗ್ ಕೂರುವ ಜಾಗ) ಸುತ್ತ, ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ, ಫೋರ್ಕ್ ಕೂರುವ ಕೊಳವೆ) ಕೆಳಗೆ, ಸೀಟ್ ಕ್ಲ್ಯಾಂಪ್ ಬರುವ ಸೀಳಿನ ತುದಿಯಲ್ಲಿ. ಬಿರುಕು ಇದ್ದರೆ ಸಾಮಾನ್ಯವಾಗಿ ಅಲ್ಲೇ. ನಾಣ್ಯದಿಂದ ಮೆಲ್ಲಗೆ ಬಡಿದೂ ಕೇಳಿದೆವು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಲ್ಲಿ ಮಂಕು ಸದ್ದು. ಇದನ್ನು ಪೂರ್ತಿ ನಂಬಲಿಕ್ಕಾಗುವುದಿಲ್ಲ, ಟ್ಯೂಬಿನ ದಪ್ಪ ಬದಲಾದರೂ ಸದ್ದು ಬದಲಾಗುತ್ತದೆ. ಎಡದ ಚೈನ್‌ಸ್ಟೇಗೂ (ಹಿಂದಿನ ಚಕ್ರದ ಬದಿಯ ಕೆಳಗಿನ ಕೊಳವೆ) ಬಲದ್ದಕ್ಕೂ ಒಂದೇ ಜಾಗದಲ್ಲಿ ಬಡಿದು ಹೋಲಿಸಿದರೆ ಅಂದಾಜು ಸಿಗುತ್ತದೆ. ಇದರಲ್ಲಿ ಪೇಂಟಿನ ಗೀರು ಬಿಟ್ಟರೆ ಏನೂ ಕಾಣಲಿಲ್ಲ.

ಪಟ್ಟಿಯ ಮೊದಲ ಸಾಲಿನಲ್ಲೇ ಚರ್ಚೆ ಶುರು. ಅವನಿಗೆ ಒಂದು ಜೊತೆ ಚಕ್ರ ಅಗ್ಗದಲ್ಲಿ ಸಿಗುತ್ತದಂತೆ. ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ, 142 ಮಿ.ಮೀ. ಅಗಲ, ಮುಂದಿನದು 100. ಫ್ರೇಮಿನ ಹಿಂದಿನ ಅಗಲ ಅಳೆದರೆ 148. ಇದು ಬೂಸ್ಟ್ ಎನ್ನುವ ಅಗಲದ ಅಳತೆ. ಇದಕ್ಕೆ ಹೊಂದುವ ಬೂಸ್ಟ್ ಫೋರ್ಕಿಗೆ 110 ಅಗಲದ, 15 ಮಿ.ಮೀ. ಆಕ್ಸಲಿನ ಮುಂದಿನ ಹಬ್ ಬೇಕು.

"ಅಡಾಪ್ಟರ್ ಸಿಗ್ತದಲ್ಲ ಮಾವ?"

"ಸಿಗ್ತದೆ ಮಾರಾಯ. ಬರೀ ಬದಿಯ ಖಾಲಿ ಜಾಗ ತುಂಬಿದರೆ ಆಗ್ಲಿಕ್ಕಿಲ್ಲ, ಬ್ರೇಕಿನ ತಟ್ಟೆ, ರೋಟರನ್ನೂ ಹೊರಗೆ ತರಬೇಕು. ಕೆಲವು ಕಿಟ್‌ನಲ್ಲಿ ರಿಮ್ ಮತ್ತೆ ನಡುವಿಗೆ ಬರಲಿಕ್ಕೆ ಕಡ್ಡಿ ಎಲ್ಲ ಪುನಃ ಎಳೆಯಬೇಕು."

ಮನೆಯಲ್ಲಿ ಮೊದಲೇ ಒಳ್ಳೆಯ ಚಕ್ರ ಇದ್ದವರು ಹಾಗೆ ಮಾಡಲಿ. ಹೊಸದಾಗಿ ದುಡ್ಡು ಕೊಟ್ಟು ಹಳೆ ಅಳತೆಯ ಚಕ್ರ ತಂದು, ಅದಕ್ಕೆ ಮತ್ತೆ ಅಡಾಪ್ಟರ್ ಕೊಳ್ಳುವುದು ಯಾಕೆ? ಆ ಸಾಲು ಹೊಡೆದು ಹಾಕಿದ.

ಹಿಂದಿನ ಆಕ್ಸಲ್ ಫ್ರೇಮಿನ ಜೊತೆ ಬಂದಿಲ್ಲ. ಇದು ಸಣ್ಣ ವಿಷಯ ಅಂತ ಕಾಣುತ್ತದೆ, ಅಲ್ಲ. 12 ಮಿ.ಮೀ. ದಪ್ಪದ ಆಕ್ಸಲ್ ಎಲ್ಲವೂ ನೋಡಲಿಕ್ಕೆ ಒಂದೇ ಥರ. ಥ್ರೆಡ್ಡಿನ ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ) ಮಾತ್ರ 1 ಮಿ.ಮೀ., 1.5, 1.75 ಅಂತ ಬೇರೆ ಬೇರೆ ಬರುತ್ತದೆ. ತಪ್ಪು ಪಿಚ್ಚಿನದ್ದನ್ನು ಜೋರಾಗಿ ತಿರುಗಿಸಿದರೆ ಹಾಳಾಗುವುದು ಆಕ್ಸಲ್ ಅಲ್ಲ, ಫ್ರೇಮಿನ ಥ್ರೆಡ್. ಗೇಜ್ ಹಿಡಿದು ನೋಡಿದೆವು, 1.5. ಉದ್ದ ಅಳೆದು ಅದನ್ನೂ ಬರೆದುಕೊಂಡ.

ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ತೂಗುವ ಹ್ಯಾಂಗರ್ ಕೂಡ ಹಾಗೆಯೇ. ಸ್ರಾಮ್ ಕಂಪನಿ 2019ರಲ್ಲಿ ಎಲ್ಲ ಫ್ರೇಮಿಗೂ ಒಂದೇ ಹ್ಯಾಂಗರ್ ಇರಲಿ ಅಂತ ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ತಂದಿತು. ಈಗ ಹೊಸ ಫ್ರೇಮುಗಳಲ್ಲಿ ಹೆಚ್ಚಾಗಿ ಅದೇ. ಇವನದ್ದು ಆ ಜಾತಿ ಅಲ್ಲ, ಆ ಮಾಡೆಲ್ಲಿಗೆ ಮಾತ್ರ ಕೂರುವ ಹ್ಯಾಂಗರ್. ಆದ್ದರಿಂದ ಸ್ರಾಮಿನ ಟ್ರಾನ್ಸ್‌ಮಿಷನ್ ಎನ್ನುವ ಡಿರೇಲರ್ ಈ ಫ್ರೇಮಿಗೆ ಆಗುವುದೇ ಇಲ್ಲ, ಅದು ಯುಡಿಎಚ್ ಜಾಗದಲ್ಲಿ ನೇರವಾಗಿ ಫ್ರೇಮಿಗೇ ಕೂರುವಂಥದ್ದು. ಅವನ ಪಟ್ಟಿಯಲ್ಲಿ ಅದು 'ಮುಂದೆ ಯಾವಾಗಾದರೂ' ಅಂತ ಇತ್ತು. ಅದೂ ಹೋಯಿತು. ಹ್ಯಾಂಗರ್ ಮಾತ್ರ ಈಗಲೇ ಎರಡು ಜಾಸ್ತಿ ತರಿಸಿ ಇಡು ಎಂದೆ. ಗೇರುಬೀಜದ ಮರಗಳ ಗುಡ್ಡೆಯಲ್ಲಿ ಒಂದು ಬೇರಿಗೆ ತಾಗಿದರೆ ಸಾಕು, ಮೊದಲು ಬಗ್ಗುವುದು ಅದು. ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ.

ಇವತ್ತು ಹೆಚ್ಚು ಹೊತ್ತು ಹಿಡಿದದ್ದು ಬಾಟಂ ಬ್ರ್ಯಾಕೆಟ್. ಅದು ಕೂರುವ ಫ್ರೇಮಿನ ಕೊಳವೆ, ಅಂದರೆ ಶೆಲ್ಲಿನ ಒಳಗೆ ಥ್ರೆಡ್ ಇಲ್ಲ, ನುಣ್ಣಗಿದೆ. ಒಳ ಅಳತೆ 41 ಮಿ.ಮೀ., ಅಗಲ 92. ಅಂದರೆ ಪ್ರೆಸ್‌ಫಿಟ್, ಬಿಬಿ92. ಬೇರಿಂಗ್ ಇರುವ ಕಪ್ಪನ್ನು ಒತ್ತಿ ಕೂರಿಸುವುದು. ಥ್ರೆಡ್ ಇರುವ 73 ಮಿ.ಮೀ. ಶೆಲ್ ಆಗಿದ್ದರೆ ನನಗೆ ಖುಷಿಯಾಗುತ್ತಿತ್ತು. ನಮ್ಮ ಮಳೆಗೆ ಅದೇ ಒಳ್ಳೆಯದು, ಬಿಚ್ಚಿ ತೊಳೆದು ಗ್ರೀಸ್ ಹಾಕಿ ಪುನಃ ತಿರುಗಿಸಿದರೆ ಆಯಿತು. ಪ್ರೆಸ್‌ಫಿಟ್ಟನ್ನು ಪ್ರತಿ ಸಲ ಬಡಿದು ತೆಗೆಯಬೇಕು, ತೆಗೆದು ಹಾಕಿದಷ್ಟೂ ಸಡಿಲ. ನೀರು, ಮಣ್ಣು ಒಳಗೆ ಹೋದರೆ ಪೆಡಲ್ ಒತ್ತಿದಾಗೆಲ್ಲ ಹಳೆ ಮರದ ಉಯ್ಯಾಲೆಯ ಹಾಗೆ ಕಿರ್ ಕಿರ್. ಆದರೆ ಫ್ರೇಮ್ ಬಂದಾಗಿದೆ, ಅದರ ಹೊಟ್ಟೆ ಬದಲಾಯಿಸಲಿಕ್ಕೆ ಆಗುವುದಿಲ್ಲ. ಇರುವುದರಲ್ಲಿ ಒಳ್ಳೆಯದನ್ನು ಆರಿಸಬೇಕು.

ಅವನು ಬರೆದುಕೊಂಡಿದ್ದದ್ದು ಸ್ರಾಮಿನ ಡಬ್ ಎನ್ನುವ ಕ್ರ್ಯಾಂಕ್ (ಪೆಡಲ್ ಕೂರುವ ತೋಳು). ಅದರ ಆಕ್ಸಲ್ ದಪ್ಪ 28.99 ಮಿ.ಮೀ. ಇನ್ನೊಂದು ಕಂಪನಿ ಶಿಮಾನೋದ್ದು 24. ಎರಡಕ್ಕೂ ಈ ಶೆಲ್ಲಿಗೆ ಕೂರುವ ಕಪ್ ಸಿಗುತ್ತದೆ, ಆದ್ದರಿಂದ ಹೊಂದಾಣಿಕೆಯ ಪ್ರಶ್ನೆ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹೊರಗಿನ ತೂತು 41ರಲ್ಲೇ ನಿಂತಿದೆ. ಒಳಗಿನ ಆಕ್ಸಲ್ ದಪ್ಪ ಆದಷ್ಟೂ ನಡುವಿನ ಬೇರಿಂಗಿಗೆ ಜಾಗ ಕಡಿಮೆ. ಆಗ ಸಣ್ಣ ಗುಂಡುಗಳನ್ನು ಹಾಕಬೇಕಾಗುತ್ತದೆ. ಒಣ ಊರಿನಲ್ಲಿ ಅದೂ ನಡೆದೀತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ನಾನು ದೊಡ್ಡ ಗುಂಡು ಇರುವ 24ರ ಪರ. ಕಪ್ ಕೂಡ ಎರಡು ಬಿಡಿ ತುಂಡಿನದ್ದು ಬೇಡ. ಶೆಲ್ಲಿನ ಒಳಗೆ ಒಂದಕ್ಕೊಂದು ಥ್ರೆಡ್ ಆಗಿ ಬಿಗಿಯಾಗುವ ಬಗೆಯದ್ದು ಬರುತ್ತದೆ, ಸ್ವಲ್ಪ ದುಬಾರಿ. ಅಲ್ಲಿ ದುಡ್ಡು ಹಾಕು, ಬೇರೆ ಕಡೆ ಉಳಿಸು ಎಂದೆ.

ಕ್ರ್ಯಾಂಕ್ ಕೊಳ್ಳುವಾಗ ಚೈನ್‌ಲೈನ್ (ಫ್ರೇಮಿನ ನಡುವಿನಿಂದ ಮುಂದಿನ ಹಲ್ಲುಚಕ್ರಕ್ಕೆ ಇರುವ ದೂರ) 52 ಮಿ.ಮೀ. ಇದೆಯಾ ನೋಡಬೇಕು. ಬೂಸ್ಟ್ ಹಬ್ಬಿನಲ್ಲಿ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 3 ಮಿ.ಮೀ. ಹೊರಗೆ ಸರಿದಿರುತ್ತದೆ, ಮುಂದಿನ ಹಲ್ಲುಚಕ್ರ ಚೈನ್‌ರಿಂಗ್ ಕೂಡ ಅಷ್ಟೇ ಸರಿಯಬೇಕು. ಹಳೆ ಕ್ರ್ಯಾಂಕ್ ಹಾಕಿದರೆ ಕ್ಯಾಸೆಟ್ಟಿನ ಸಣ್ಣ ಹಲ್ಲುಚಕ್ರದಲ್ಲಿ ಚೈನು ಓರೆಯಾಗುತ್ತದೆ, ರಿಂಗ್ ಚೈನ್‌ಸ್ಟೇಗೆ ತಾಗಿದರೂ ತಾಗಬಹುದು. ಕಾರ್ಬನ್ನಿಗೆ ಹಲ್ಲು ತಾಗಿದರೆ ಕಥೆ ಮುಗಿಯಿತು. ಇವನ ಫ್ರೇಮಿಗೆ 34 ಹಲ್ಲಿನವರೆಗೆ ಆಗುತ್ತದೆ, 32 ಸಾಕು.

ಅಷ್ಟರಲ್ಲಿ ಒಳಗಿನಿಂದ ಗೋಳಿಬಜೆ, ಚಾ ಬಂತು. ಕೈಯೆಲ್ಲ ಗ್ರೀಸ್. ಅಕ್ಕ ಇದ್ದಿದ್ದರೆ ಇಬ್ಬರಿಗೂ ಬೈಗುಳ ಇತ್ತು.

ಕ್ಯಾಸೆಟ್ಟಿನ ವಿಷಯದಲ್ಲಿ ಅವನಿಗೆ 12 ಸ್ಪೀಡೇ ಬೇಕು. ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಹಬ್ ನೋಡಿ ಹೇಳಬೇಕಲ್ವಾ? 10 ಹಲ್ಲಿನಿಂದ ಶುರುವಾಗುವ ಶಿಮಾನೋ 10-51ಕ್ಕೆ ಮೈಕ್ರೋ ಸ್ಪ್ಲೈನ್ ಬಗೆಯ ಫ್ರೀಹಬ್ (ಹಬ್ಬಿನ ಮೇಲೆ ಕ್ಯಾಸೆಟ್ ಕೂರುವ ಭಾಗ) ಬೇಕು. ಸ್ರಾಮಿನ 10 ಹಲ್ಲಿನ ಕ್ಯಾಸೆಟ್ಟಿಗೆ ಎಕ್ಸ್‌ಡಿ. ಎರಡೂ ಹಳೆಯ ಎಚ್‌ಜಿ ಫ್ರೀಹಬ್ಬಿನ ಮೇಲೆ ಕೂರುವುದಿಲ್ಲ, ಎಚ್‌ಜಿಯಲ್ಲಿ 11 ಹಲ್ಲಿಗಿಂತ ಸಣ್ಣದಕ್ಕೆ ಜಾಗವೇ ಇಲ್ಲ. ಶಿಫ್ಟರ್ (ಹ್ಯಾಂಡಲಿನ ಗೇರ್ ಲಿವರ್) ಒಂದು ಕಂಪನಿ, ಡಿರೇಲರ್ ಇನ್ನೊಂದು ಕಂಪನಿ ಅಂತಲೂ ಮಾಡುವ ಹಾಗಿಲ್ಲ. ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯುತ್ತದೆ ಎನ್ನುವುದು ಇಬ್ಬರದ್ದೂ ಬೇರೆ.

ನಾನು ಹೇಳಿದ್ದು ಶಿಮಾನೋ ಡಿಯೋರ್ 11 ಸ್ಪೀಡ್, ಎಂ5100. ಕ್ಯಾಸೆಟ್ 11-51, ಎಚ್‌ಜಿ ಫ್ರೀಹಬ್ಬಿಗೇ ಕೂರುತ್ತದೆ. ಆ ಹಬ್ ಎಲ್ಲ ಕಡೆ ಸಿಗುತ್ತದೆ, ಚೈನು ಕೂಡ ಅಗ್ಗ. ಮುಂದೆ 32, ಹಿಂದೆ 51 ಹಾಕಿದರೆ ಆಗುಂಬೆಯ 14 ತಿರುವುಗಳನ್ನೂ ಕುಳಿತೇ ಹತ್ತಬಹುದು. ಕಳೆದುಕೊಳ್ಳುವುದು ಇಳಿಜಾರಿನ ಆ ಒಂದು 10 ಹಲ್ಲಿನ ಗೇರು. ಪಿಲಿಕುಳದ ಕಡೆಯ ಮಣ್ಣುದಾರಿಯಲ್ಲಿ ಅದನ್ನು ಯಾರು ಹಾಕುತ್ತಾರೆ? "ಪಂಪ್‌ವೆಲ್‌ನಿಂದ ತೊಕ್ಕೊಟ್ಟಿಗೆ ಹೈವೇಯಲ್ಲಿ ಬೇಕಾಗ್ತದೆ" ಎಂದ. ಹೈವೇಗೆ ಮೌಂಟೇನ್ ಬೈಕ್ ಕಟ್ಟುವವರ ಜೊತೆ ವಾದ ಮಾಡಬಾರದು. ಕೊನೆಗೆ ಬೆಲೆ ನೋಡಿ ಒಪ್ಪಿದ.

ಬ್ರೇಕ್ ಬೇಗ ಮುಗಿಯಿತು. ಫ್ರೇಮಿನಲ್ಲಿ ಬ್ರೇಕ್ ಕೂರಿಸುವ ಜಾಗ ಪೋಸ್ಟ್ ಮೌಂಟ್ ಬಗೆಯದ್ದು, 160 ಮಿ.ಮೀ. ರೋಟರಿಗೆ ನೇರ, 180 ಬೇಕಾದರೆ ಅಡಾಪ್ಟರ್. ಹಬ್ ಸೆಂಟರ್‌ಲಾಕ್ (ರೋಟರನ್ನು ನಡುವಿನ ಒಂದೇ ರಿಂಗಿನಿಂದ ಬಿಗಿಯುವ ಬಗೆ) ಆದರೆ ಆರು ಬೋಲ್ಟಿನ ರೋಟರನ್ನೂ ಅಡಾಪ್ಟರ್ ಇಟ್ಟು ಹಾಕಬಹುದು, ಹಾಗಾಗಿ ಸೆಂಟರ್‌ಲಾಕ್ ಒಳ್ಳೆಯದು. ಬ್ರೇಕಿನ ಎಣ್ಣೆ ವಿಷಯದಲ್ಲಿ ನನ್ನದು ಒಂದೇ ಮಾತು, ಮಿನರಲ್ ಆಯಿಲ್. ಇನ್ನೊಂದು ಬಗೆ, ಡಾಟ್ ದ್ರವ, ಗಾಳಿಯ ತೇವ ಹೀರುತ್ತದೆ. ನಮ್ಮಲ್ಲಿ ಹಪ್ಪಳವೇ ಮೆತ್ತಗಾಗುವ ಗಾಳಿ. ಒಂದರ ಬ್ರೇಕಿಗೆ ಇನ್ನೊಂದರ ಎಣ್ಣೆ ಹಾಕಿದರೆ ಸೀಲು ಉಬ್ಬಿ ಹಾಳಾಗುತ್ತದೆ, ಅದನ್ನು ಯಾರೂ ಮಾಡಬೇಡಿ. ಮುಂದಿನ ಬ್ರೇಕ್ ಮೋಟರ್‌ಸೈಕಲ್ ಹಾಗೆ ಬಲಗೈಗೆ ಬೇಕಾದರೆ ಕೊಳ್ಳುವಾಗಲೇ ಕೇಳಬೇಕು. ಹೊರದೇಶದ ಸೆಟ್ಟಿನಲ್ಲಿ ಹೆಚ್ಚಾಗಿ ಎಡಗೈಗೆ ಇರುತ್ತದೆ, ಆಮೇಲೆ ಹೋಸ್ ಬಿಚ್ಚಿ ಬ್ಲೀಡ್ ಮಾಡುವ (ಒಳಗಿನ ಗಾಳಿ ತೆಗೆಯುವ) ಕೆಲಸ.

ಸೀಟ್‌ಪೋಸ್ಟ್ 31.6. ಅವನಿಗೆ ಡ್ರಾಪರ್, ಅಂದರೆ ಲಿವರ್ ಒತ್ತಿದರೆ ಸೀಟ್ ಕೆಳಗಿಳಿಯುವ ಪೋಸ್ಟ್ ಬೇಕು. ಆಗಲಿ, ಆದರೆ ಟ್ಯೂಬಿನ ಒಳಗೆ ಎಷ್ಟು ಆಳ ಇಳಿಯುತ್ತದೆ ಅಂತ ಕಡ್ಡಿ ಹಾಕಿ ನೋಡಿದೆವು. ಬಾಟಲ್ ಬೋಲ್ಟಿನ ಹತ್ತಿರ ನಿಲ್ಲುತ್ತದೆ. 150 ಮಿ.ಮೀ. ಡ್ರಾಪ್ ಇಳಿಯುವುದಿಲ್ಲ, 125 ಇಳಿಯುತ್ತದೆ.

ಇಲ್ಲಿ ಉಪ್ಪಿನ ವಿಷಯ ಬರೆಯಲೇಬೇಕು. ಒಳನಾಡಿನವರ ಸಲಹೆ ನಮಗೆ ಪೂರ್ತಿ ಸಾಲದು. ಕಾರ್ಬನ್ ಮತ್ತು ಅಲ್ಯುಮಿನಿಯಂ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯ ಕೆಲಸ ಶುರುವಾಗುತ್ತದೆ. ಕಾರ್ಬನ್ನಿಗೆ ಏನೂ ಆಗುವುದಿಲ್ಲ, ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಸೀಟ್‌ಪೋಸ್ಟ್ ಒಳಗೇ ಕಚ್ಚಿಕೊಂಡು ಕೂರುತ್ತದೆ. ಸಮುದ್ರದಿಂದ ಇಷ್ಟು ಹತ್ತಿರ, ಕಿಟಕಿಯ ಸರಳೇ ತುಕ್ಕು ಹಿಡಿಯುವಲ್ಲಿ, ಒಂದು ಮಳೆಗಾಲ ಪೋಸ್ಟ್ ತೆಗೆಯದೇ ಬಿಟ್ಟರೆ ಆಮೇಲೆ ಗರಗಸ ಬೇಕಾಗಬಹುದು. ಆದ್ದರಿಂದ ಆಗಾಗ ಹೊರಗೆ ಎಳೆದು, ಒರೆಸಿ, ಕಾರ್ಬನ್ ಪೇಸ್ಟ್ ಹಚ್ಚಿ ಹಾಕಬೇಕು. ಗ್ರೀಸ್ ಅಲ್ಲ. ಗ್ರೀಸ್ ಜಾರಿಸುತ್ತದೆ, ಜಾರಿದರೆ ಕ್ಲ್ಯಾಂಪನ್ನು ಇನ್ನೂ ಬಿಗಿ ಮಾಡುತ್ತೇವೆ, ಟ್ಯೂಬ್ ಸೀಳುತ್ತದೆ. ಪೇಸ್ಟಿನಲ್ಲಿ ಸಣ್ಣ ಹರಳುಗಳಿವೆ, ಕಡಿಮೆ ಬಿಗಿಗೇ ಹಿಡಿದುಕೊಳ್ಳುತ್ತದೆ. 5 ನ್ಯೂಟನ್ ಮೀಟರ್ ಆಸುಪಾಸು ಸಾಮಾನ್ಯವಾಗಿ ಸಾಕು. ಕ್ಲ್ಯಾಂಪಿನ ಮೇಲೆ ಬರೆದದ್ದೇ ಕೊನೆ ಮಾತು. ಅವನ ಪಟ್ಟಿಯಲ್ಲಿ ಟಾರ್ಕ್ ರೆಂಚ್ ಇರಲಿಲ್ಲ, ಕಾರ್ಬನ್ ಹ್ಯಾಂಡಲ್‌ಬಾರ್ ಇತ್ತು! ಹ್ಯಾಂಡಲ್ ತೆಗೆದು ರೆಂಚ್ ಸೇರಿಸಿದೆವು. ಬಾರ್ ಅಲ್ಯುಮಿನಿಯಂ, 31.8 ಕ್ಲ್ಯಾಂಪ್. ಅದನ್ನು ಹಿಡಿಯುವ ಸ್ಟೆಮ್ಮೂ 31.8. ಈಗ 35ರದ್ದೂ ಬರುತ್ತದೆ, ಒಂದಕ್ಕೊಂದು ಆಗುವುದಿಲ್ಲ.

ಬಾಟಲ್ ಕೇಜಿನ ಬೋಲ್ಟುಗಳನ್ನು ಸ್ಟೇನ್‌ಲೆಸ್ ಹಾಕು ಎಂದೆ. ತುಕ್ಕು ಹಿಡಿದ ಬೋಲ್ಟ್ ತಿರುಗಿಸಲಿಕ್ಕೆ ಹೋದರೆ ಕಾರ್ಬನ್ನಿನೊಳಗಿನ ಅಲ್ಯುಮಿನಿಯಂ ನಟ್ಟೇ ಸುತ್ತತೊಡಗುತ್ತದೆ.

ಟಯರ್ 2.35 ಇಂಚಿನದ್ದು ಹಿಡಿಯುತ್ತದೆ ಅಂತ ಮಾರಿದವರು ಹೇಳಿದ್ದಾರಂತೆ. ಹಿಡಿಯಬಹುದು. ನಾನು 2.25 ಬರೆಸಿದೆ. ಎರಡೂ ಬದಿಗೆ ಕನಿಷ್ಠ 6 ಮಿ.ಮೀ. ಖಾಲಿ ಇರಬೇಕು. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಟಯರಿಗೆ ಅಂಟಿಕೊಂಡು ಬಂದರೆ ಚೈನ್‌ಸ್ಟೇಯನ್ನು ಮರಳುಕಾಗದದಲ್ಲಿ ಉಜ್ಜಿದಂತೆಯೇ. ಒಳಬದಿಗೆ ದಪ್ಪ ಟೇಪ್ ಅಂಟಿಸಬೇಕು, ಚಕ್ರ ಹಾಕುವ ಮೊದಲೇ.

ಸೆಪ್ಟೆಂಬರ್ 22ರಿಂದ ಸೈಕಲಿಗೂ ಬಿಡಿಭಾಗಕ್ಕೂ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಹಳೆ ಬೆಲೆಯನ್ನೇ ತೋರಿಸುವ ಅಂಗಡಿ ಇದ್ದರೆ ಬಿಲ್ ನೋಡಿ ಕೇಳು ಎಂದಿದ್ದೇನೆ.

ಉಳಿದದ್ದು ಫೋರ್ಕ್. ಹೆಡ್ ಟ್ಯೂಬ್ ಟೇಪರ್ಡ್. ಮೇಲೆ 42, ಕೆಳಗೆ 52ರ ಬೇರಿಂಗ್ ಫ್ರೇಮಿನೊಳಗೇ ಕೂರುತ್ತದೆ. ಮೇಲಿನದು ಹೆಸರಿಗೆ 42, ಬೇರಿಂಗಿನ ನಿಜವಾದ ಅಳತೆ 41 ಅಲ್ಲ, 41.8, ಇಳಿಜಾರು 45 ಡಿಗ್ರಿ. ಬೇರಿಂಗ್ ತರಿಸುವಾಗ ಅಷ್ಟೂ ಬರೆಯಬೇಕು. ಸೆಕೆಂಡ್‌ಹ್ಯಾಂಡ್ ಫೋರ್ಕ್ ಆದರೆ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ) ಎಷ್ಟು ಉದ್ದಕ್ಕೆ ಕತ್ತರಿಸಿದ್ದಾರೆ ಅಂತ ಕೇಳದೆ ದುಡ್ಡು ಕಳಿಸಬಾರದು. ಇಷ್ಟರವರೆಗೆ ನಮ್ಮಿಬ್ಬರಿಗೂ ಒಪ್ಪಿಗೆ. ಫ್ರೇಮ್ ಮಾಡಿದ್ದು 100ರಿಂದ 120 ಮಿ.ಮೀ. ಟ್ರಾವೆಲ್ಲಿಗೆ (ಫೋರ್ಕ್ ಕುಗ್ಗುವ ದೂರ), ಇವನಿಗೆ 140 ಬೇಕು. 20 ಮಿ.ಮೀ. ಎತ್ತರ ಹೆಚ್ಚಾದರೆ ಹೆಡ್ ಆ್ಯಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು 1 ಡಿಗ್ರಿ ಮಲಗುತ್ತದೆ, ಬಾಟಂ ಬ್ರ್ಯಾಕೆಟ್ ಏಳುತ್ತದೆ, ಹೆಡ್ ಟ್ಯೂಬಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಅಲ್ಯುಮಿನಿಯಂ ಫ್ರೇಮ್ ಆಗಿದ್ದರೂ ನಾನು ಬೇಡ ಎನ್ನುತ್ತಿದ್ದೆ. "ಎಲ್ಲರೂ ಹಾಕ್ತಾರೆ ಮಾವ" ಎಂದ. ಏರ್ ಶಾಫ್ಟ್ ಬದಲಾಯಿಸಿ ಟ್ರಾವೆಲ್ ಹೆಚ್ಚು ಕಡಿಮೆ ಮಾಡುವ ಫೋರ್ಕ್ ತಗೋ, ಈಗ 120 ಇರಲಿ ಎಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದ.

ಫ್ರೇಮ್ ಇಲ್ಲೇ ಬಿಟ್ಟು ಹೋಗಿದ್ದಾನೆ. ನಾಳೆ ಹ್ಯಾಂಗರನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೋ ತೆಗೆದು ಕಳಿಸಬೇಕು. ಬಾಟಂ ಬ್ರ್ಯಾಕೆಟ್ಟಿಗೆ ಆರ್ಡರ್ ನಾನೇ ಹಾಕುತ್ತೇನೆ, ಅದನ್ನು ಅವನ ಕೈಗೆ ಬಿಟ್ಟರೆ ಹಗುರದ್ದು ತರಿಸುತ್ತಾನೆ.