ಡ್ವಾರ್ಫ್ ಆರ್ಮಿ 2000 ಪಾಯಿಂಟ್, ಮಳೆಗಾಲದ ಅಪ್‌ಡೇಟ್

ವಾರ್‌ಹ್ಯಾಮರ್ ಅಂತ ಟೇಬಲ್ ಮೇಲೆ ಪುಟ್ಟ ಗೊಂಬೆ ಸೈನ್ಯ ಇಟ್ಕೊಂಡು, ದಾಳ ಹಾಕಿ ಆಡೋ ಯುದ್ಧದ ಆಟಕ್ಕೆ ನಾನು ಬಣ್ಣ ಹಚ್ತಿರೋ ಡ್ವಾರ್ಫ್ (ಗಡ್ಡದ ಕುಳ್ಳರು) ಸೈನ್ಯದ ಕಥೆ ಇದು; ಪಾಯಿಂಟ್ ಅಂದ್ರೆ ಸೈನ್ಯದ ಒಂದೊಂದು ದಳಕ್ಕೂ ಆಟದಲ್ಲಿ ಇರೋ ಬೆಲೆ. ಮೂರು ವಾರದಿಂದ ಏನೂ ಬರ್ದಿರ್ಲಿಲ್ಲ. ತೀರ್ಥಹಳ್ಳಿ ಕಡೆ ಮಳೆ ಹಿಡ್ಕೊಂಡಿದೆ, ಈ ಥಂಡೀಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಬಣ್ಣ) ಹೊಡೆದ್ರೆ ಹಿಟ್ಟು ಉದುರಿಸ್ದಂಗೆ ತರಿತರಿಯಾಗಿ ಕೂರತ್ತೆ, ಎಂಟು ಜನ ಕ್ರಾಸ್‌ಬೋದವರ ಗಡ್ಡ ಹಂಗೇ ಹಾಳಾಯ್ತು, ಹೊಟ್ಟೆ ಉರೀತು. ಈಗ ಪ್ರೈಮರ್ ಬ್ರಷ್ಷಲ್ಲೇ ಬಳೀತಿದೀನಿ, ಒಣಗಕ್ಕೆ ಬಚ್ಚಲುಮನೆ ಹಂಡೆ ಪಕ್ಕದ ಗೂಡು, ಬಿಸಿ ನೇರ ತಾಗ್ದಂಗೆ. ಬೇಸ್ (ಗೊಂಬೆ ನಿಲ್ಲೋ ತಟ್ಟೆ) ಮೇಲೆ ಒಣ ಹುಲ್ಲಿಗೆ ಅಡಿಕೆ ಸಿಪ್ಪೆ ನಾರು ಅಂಟಿಸಿದೀನಿ, ತುಂಬಾ ಚೆನ್ನಾಗ್ ಕಾಣ್ತಿದೆ.

ಇನ್ನು ಲಿಸ್ಟ್ ವಿಷ್ಯ, ಅಂದ್ರೆ ಸೈನ್ಯದಲ್ಲಿ ಯಾವ್ಯಾವ ದಳ ಇರ್ಬೇಕು ಅನ್ನೋದು. ನಾವು ಆಡೋದು ವಾರ್‌ಹ್ಯಾಮರ್‌ನಲ್ಲಿ 2024ರಲ್ಲಿ ಬಂದ ದಿ ಓಲ್ಡ್ ವರ್ಲ್ಡ್. ಹೋದ ಭಾನುವಾರ ಶಿವಮೊಗ್ಗದಲ್ಲಿ, ವಿನೋಬನಗರದ ಗೆಳೆಯನ ಮನೇಲಿ ಅವನ ವುಡ್ ಎಲ್ಫ್ (ಕಾಡಿನ ಎಲ್ಫ್‌ಗಳು) ಸೈನ್ಯದ ಎದುರು ಆಡಿದೆ, ನಂದು ಎರಡು ಕ್ಯಾನನ್, ಒಂದು ಆರ್ಗನ್ ಗನ್ (ಹಲವು ನಳಿಗೆಯ ಫಿರಂಗಿ), ಥಂಡರರ್ಸ್ (ಬಂದೂಕಿನವರು), ಕ್ರಾಸ್‌ಬೋ, ನಡುವೆ ರಾಜನ ಜೊತೆ ಹ್ಯಾಮರರ್ಸ್ (ದೊಡ್ಡ ಸುತ್ತಿಗೆ ಹಿಡಿದ ಕಾವಲಿನವರು).

ಡ್ವಾರ್ಫ್ ಗಟ್ಟಿ ಅನ್ನೋದು ಸುಮ್ನೆ ಮಾತಲ್ಲ. ಟಫ್‌ನೆಸ್ (ಏಟು ತಡ್ಕೊಳೋ ಶಕ್ತಿ) 4, ಲೀಡರ್‌ಶಿಪ್ (ಹೆದರಿ ಓಡದೆ ನಿಲ್ಲೋ ಧೈರ್ಯ) 9. ಧೈರ್ಯದ ಪರೀಕ್ಷೆಗೆ ಎರಡು ದಾಳ ಹಾಕಿ ಒಟ್ಟು 9 ಅಥ್ವಾ ಕಡಿಮೆ ಬಿದ್ರೆ ಸಾಕು, 36ರಲ್ಲಿ 30 ಸಲ ಪಾಸು, ಅದೇ ಲೀಡರ್‌ಶಿಪ್ 7 ಇರೋರಿಗೆ 21 ಸಲ ಮಾತ್ರ. ಎರಡನೇ ಟರ್ನಲ್ಲಿ ಕ್ಯಾನನ್ ಗುಂಡು ಅವನ ಟ್ರೀಮ್ಯಾನ್ (ನಡೆಯೋ ಮರದಂಥ ದೈತ್ಯ) ಮುಂದೆ ಬಿದ್ದು, ಗುಂಡು ಎಷ್ಟು ಇಂಚು ಉರುಳತ್ತೆ ಅಂತ ಹೇಳೋ ಆರ್ಟಿಲರಿ ದಾಳದಲ್ಲಿ 8 ಬಂದು ಅದರ ಮೇಲೇ ಉರುಳ್ತು, ಇಡೀ ಟೇಬಲ್ ಕೂಗ್ತು. ಮುಂದಿನ ಟರ್ನಲ್ಲಿ ಇನ್ನೊಂದು ಕ್ಯಾನನ್ ಮಿಸ್‌ಫೈರ್, ಅಂದ್ರೆ ಗುಂಡು ಹಾರದೆ ಕೈಕೊಡ್ತು. ಪಾಯಿಂಟ್ ಉಳಿಸಕ್ಕೆ ರೂನ್ ಆಫ್ ಫೋರ್ಜಿಂಗ್ (ಮಿಸ್‌ಫೈರ್ ಬಿದ್ರೆ ದಾಳ ಮತ್ತೆ ಹಾಕಕ್ಕೆ ಬಿಡೋ ಮಂತ್ರದ ಗುರುತು) ಒಂದಕ್ಕೇ ಹಾಕಿದ್ದೆ, ಅದು ತಪ್ಪು, ದಾಳದ ಆರು ಮುಖದಲ್ಲಿ ಒಂದು ಮಿಸ್‌ಫೈರೇ ಇರ್ಬೇಕಾದ್ರೆ ಎರಡಕ್ಕೂ ಬೇಕೇ ಬೇಕು.

ಆದ್ರೆ ಸೋತಿದ್ದು ಅದಕ್ಕಲ್ಲ ಮಾರಾಯ್ರೆ, ಕಾಲಿಗೆ. ಮೂವ್‌ಮೆಂಟ್ (ಒಂದು ಟರ್ನಲ್ಲಿ ನಡೆಯೋ ದೂರ) 3 ಇಂಚು, ಮಾರ್ಚ್ ಮಾಡಿ ದುಪ್ಪಟ್ಟು ನಡೆದ್ರೂ 6 ಇಂಚು, ಎಲ್ಫ್ ಕಾಲಾಳು 10 ಇಂಚು ಹೋಗ್ತಾನೆ. 24 ಇಂಚು ದಾಟಕ್ಕೆ ನಂಗೆ ನಾಲ್ಕು ಟರ್ನ್! ಕುದುರೆ ದಳ ಇಲ್ಲ, ಮಂತ್ರವಾದಿ ಇಲ್ಲ. ಗೆಳೆಯ ತನ್ನ ಗ್ಲೇಡ್ ರೈಡರ್ಸ್‌ನ (ಕುದುರೆ ಸವಾರರನ್ನ) ಎಡಗಡೆಯಿಂದ ಸುತ್ತಿಸಿ ಬೆನ್ನಿಗೆ ಬಂದ, ವಾರ್‌ಹಾಕ್ (ದೊಡ್ಡ ಗಿಡುಗದ ಸವಾರರ ದಳ) ಹಾರಿ ಬಂದು ಕ್ಯಾನನ್ ಹುಡುಗ್ರನ್ನ ಮುಗಿಸ್ತು, ನನ್ನ ಹ್ಯಾಮರರ್ಸ್ ಅತ್ತ ತಿರುಗು ಇತ್ತ ತಿರುಗು ಅಂತಲೇ ಮೂರು ಟರ್ನ್ ಕಳೆದ್ರು, ಒಂದೇ ಒಂದು ಏಟು ಹಾಕ್ಲಿಲ್ಲ. ನಾನು ಕಟ್ಟಿದ್ದು ಮೂಲೇಲಿ ಕೂತು ಕಾಯೋ ಲಿಸ್ಟ್, ಎದುರಿನವನು ಮೂಲೆ ಕಡೆ ನೇರ ಬರ್ಲೇಬೇಕು ಅಂತ ಎಲ್ಲಿದೆ?

ಹಾಗಾಗಿ ಆರ್ಗನ್ ಗನ್ ತೆಗೀತಿದೀನಿ, ಮನಸ್ಸಿಲ್ಲ ಆದ್ರೂ. ಬದ್ಲಿಗೆ ಹತ್ತು ರೇಂಜರ್ಸ್, ಇವ್ರು ಡ್ವಾರ್ಫ್ ಬೇಹಿನವರು, ಸ್ಕೌಟ್ ಆಗಿ ಆಟ ಶುರುವಾಗೋ ಮೊದ್ಲೇ ಮುಂದೆ ನಿಲ್ತಾರೆ, ನನ್ನ ನಿಧಾನದ ನಡಿಗೆ ಅಲ್ಲಿ ಲೆಕ್ಕಕ್ಕೆ ಬರಲ್ಲ. ಜೊತೆಗೆ ಒಂದು ಗೈರೋಕಾಪ್ಟರ್ (ಹೆಲಿಕಾಪ್ಟರ್ ಥರ ಹಾರೋ ಯಂತ್ರ), ಗ್ಲೇಡ್ ರೈಡರ್ಸ್ ದಾರಿಗೆ ಅಡ್ಡ ನಿಲ್ಸಕ್ಕೆ. ಒಂದೇ ಇರೋದ್ರಿಂದ ಬೇಗ ಬೀಳಬಹುದು, ಆದ್ರೆ ಎರಡು ಟರ್ನ್ ತಡೆದ್ರೂ ನಂಗೆ ಸಾಕು.

ಗೈರೋಕಾಪ್ಟರ್ ಗೊಂಬೆಯ ರೆಕ್ಕೆ ಬ್ಲೇಡ್ ನಿನ್ನೆ ಮುರೀತು, ಗುಂಡುಪಿನ್ನು ಕತ್ತರಿಸಿ ಒಳಗೆ ತೂರಿಸಿ ಅಂಟಿಸಿ ಗೂಡಲ್ಲಿಟ್ಟಿದೀನಿ. ಬಣ್ಣ ಹಚ್ಚೋದ್ರಲ್ಲಿ ರೇಂಜರ್ಸ್ ಆರು ಜನ ಮುಗಿದ್ರು, ನಾಲ್ಕು ಜನರ ಮೇಲಂಗಿ ಹಸಿರು ಬಾಕಿ.